ಅಡುಗೆಕೋಣೆಯಲ್ಲಿ ಅರಳಿದ ಗೆಳೆತನ

1976ರ ಸೆಪ್ಟೆಂಬರ್ ತಿಂಗಳು. ಐರ್ಲೆಂಡಿನ ಡಬ್ಲಿನ್ ನಗರದ ಮೌಂಟ್ ಟೆಂಪಲ್ ಶಾಲೆಯ ಸೂಚನಾಫಲಕದಲ್ಲಿ ಹದಿನಾಲ್ಕರ ಹರೆಯದ ಲ್ಯಾರಿ ಮಲೆನ್ ಒಂದು ಚೀಟಿ ಅಂಟಿಸಿದ. ಡ್ರಮ್ ಬಾರಿಸುತ್ತಿದ್ದ ಆ ಹುಡುಗನಿಗೆ ವಾದ್ಯವೃಂದ ಕಟ್ಟಲು ಜೊತೆಗಾರರು ಬೇಕಾಗಿದ್ದರು. ಬಂದ ಕೆಲವರು ಅವನ ಮನೆಯ ಅಡುಗೆಕೋಣೆಯಲ್ಲಿ ಸೇರಿದರು. ಮೊದಮೊದಲು ತಾವು ಮೆಚ್ಚಿದ ರಾಕ್ ಗಾಯಕರ ಹಾಡುಗಳನ್ನೇ ಎಳಸು ಕೈಗಳಿಂದ ನುಡಿಸಿದರು. ಮುಂದೆ ಜಗತ್ಪ್ರಸಿದ್ಧವಾದ 'ಯು-2' ತಂಡ ಹುಟ್ಟಿದ್ದು ಹೀಗೆ.

ಕ್ಯಾಥೊಲಿಕ್-ಪ್ರೊಟೆಸ್ಟೆಂಟ್ ವೈಷಮ್ಯದಿಂದ ಉತ್ತರ ಐರ್ಲೆಂಡಿನಲ್ಲಿ ರಕ್ತ ಹರಿಯುತ್ತಿದ್ದ ಕಾಲವದು. ಈ ಶಾಲೆಯಲ್ಲಾದರೋ ಎರಡೂ ಪಂಗಡಗಳ ಮಕ್ಕಳು ಒಟ್ಟಿಗೆ ಕಲಿಯುತ್ತಿದ್ದರು. ಲ್ಯಾರಿ ಕ್ಯಾಥೊಲಿಕ್, ಗಾಯಕ ಬೋನೊನ ತಂದೆ ಕ್ಯಾಥೊಲಿಕ್, ತಾಯಿ ಪ್ರೊಟೆಸ್ಟೆಂಟ್. ಚೀಟಿ ಕೇಳಿದ್ದು ಸಂಗೀತವನ್ನು, ಪಂಗಡವನ್ನಲ್ಲ.

ಯುವಕರ ಗೆಳೆತನ ಸುಖವನ್ನು ಅವಲಂಬಿಸಿದ್ದು, ಆದುದರಿಂದ ಅದು ಬೇಗನೆ ಬದಲಾಗುತ್ತದೆ ಎಂದನು ಅರಿಸ್ಟಾಟಲ್. ಬಹುಮಟ್ಟಿಗೆ ನಿಜ. ಆದರೆ ಸಮಾನ ಅಭಿರುಚಿಯಿಂದ ಮೊದಲಾದ ಸ್ನೇಹ ಅಲ್ಲಿಯೇ ನಿಲ್ಲಬೇಕೆಂದಿಲ್ಲ. 1974ರಲ್ಲಿ ಬೋನೊ ತಾಯಿಯನ್ನು ಕಳೆದುಕೊಂಡಿದ್ದ. ಮುಂದೆ ಲ್ಯಾರಿಯ ತಾಯಿಯೂ ಅಪಘಾತದಲ್ಲಿ ತೀರಿಕೊಂಡರು. ಒಂದೇ ಬಗೆಯ ದುಃಖ ಅವರಿಬ್ಬರನ್ನು ಇನ್ನಷ್ಟು ಹತ್ತಿರ ತಂದಿತು. 1978ರಲ್ಲಿ ತಂಡದಲ್ಲಿ ಉಳಿದ ನಾಲ್ವರೇ ಇಂದಿಗೂ ಅದರ ಸದಸ್ಯರು.

ರಾಕ್ ಸಂಗೀತವೆಲ್ಲವೂ ಹಿತವೆಂದು ನಾನು ಹೇಳುತ್ತಿಲ್ಲ. ಡ್ರಮ್ಮಿನ ಸದ್ದು ನಮ್ಮ ವಯಸ್ಸಿನವರಿಗೆ ತಲೆನೋವೇ ಸರಿ. ಆದರೆ ಮಗನ ಸಂಗೀತವನ್ನು ಜರೆಯುವ ಮುನ್ನ, ಅದು ಅವನಿಗೆ ಎಂಥ ಗೆಳೆಯರನ್ನು ತಂದುಕೊಟ್ಟಿದೆಯೆಂದು ಹೆತ್ತವರು ವಿಚಾರಿಸಲಿ. ಆ ಗೆಳೆಯರನ್ನು ಮನೆಗೇ ಕರೆಯಲಿ. ಬೀದಿಯಲ್ಲಿ ಸೇರುವ ಮಕ್ಕಳನ್ನು ನಾವು ಅರಿಯಲಾರೆವು; ಮನೆಯಲ್ಲಿ ಸೇರುವವರನ್ನು ಅರಿಯಬಲ್ಲೆವು. ಲ್ಯಾರಿಯ ಮನೆಯಲ್ಲಿ ಅಂದು ಅಡುಗೆಕೋಣೆಯೇ ಅದಕ್ಕೆ ಎಡೆಯಾಯಿತು. ನಮ್ಮ ಮನೆಗಳಲ್ಲಿಯೂ ಅಂಥದೊಂದು ಎಡೆಯಿರಲಿ.