ಕಲ್ಲಿಗಿರುವ ಕಾವಲು ಕೂಸಿಗಿಲ್ಲ

ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿನ ಹೊಂಡದಿಂದ ಯಾರಾದರೂ ಒಂದು ಕಲ್ಲು ಕಿತ್ತರೆ ಏನಾಗುತ್ತದೆ? ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಅದು. ನಡುನೀರಿನಲ್ಲಿ ವಸಂತ ಮಂಟಪ, ದಂಡೆಯಲ್ಲಿ ಮುಸಾಫಿರ್‌ಖಾನೆ. ಹೊಂಡವೂ ಮುಸಾಫಿರ್‌ಖಾನೆಯೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಆ ಮೆಟ್ಟಿಲ ಮೂಲೆ ಒಡೆದವನಿಗೆ, ಕಂಬದ ಮೇಲೆ ಹೆಸರು ಕೆತ್ತಿದವನಿಗೆ 1958ರ ಸ್ಮಾರಕಗಳ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲಿದೆ, 1 ಲಕ್ಷ ರೂಪಾಯಿಯವರೆಗೆ ದಂಡವಿದೆ. ಇರಲೇಬೇಕು. ಶತಮಾನಗಳ ಹಿಂದೆ ಯಾರೋ ಉಳಿ ಹಿಡಿದು ಕಡೆದು ಕೂರಿಸಿದ ಕಲ್ಲು. ಒಡೆದರೆ ಮತ್ತೆ ಹುಟ್ಟುವುದಿಲ್ಲ.

ಈಗ ಹೊಂಡದ ದಂಡೆ ಬಿಟ್ಟು ಹಳ್ಳಿಯ ಓಣಿಗೆ ಬನ್ನಿ. ಚನ್ನಗಿರಿಯದಾಗಲಿ, ಹೊನ್ನಾಳಿಯದಾಗಲಿ, ನ್ಯಾಮತಿ, ಜಗಳೂರಿನದಾಗಲಿ, ಯಾವ ಹಳ್ಳಿಯಾದರೂ ಸರಿ. ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುತ್ತದೆ. ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿ ಓಡುತ್ತವೆ. ಒಂದು ಮನೆಯ ಹೊಸ್ತಿಲ ಮೇಲೆ ಒಂದು ಕೂಸು ಉಳಿದುಬಿಡುತ್ತದೆ. ಕಾಲು ಬಾರದ ಕೂಸು, ಕಿವಿ ಕೇಳದ ಕೂಸು, ಕಲಿಕೆ ನಿಧಾನವಾದ ಕೂಸು. ಓಣಿ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕುಂಟ ಅನ್ನುತ್ತದೆ, ಮೂಗಿ ಅನ್ನುತ್ತದೆ, ಹುಚ್ಚ ಅನ್ನುತ್ತದೆ. ಅಪ್ಪ ಅವ್ವ ಇಟ್ಟ ಹೆಸರು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಆ ಹೊಸ್ತಿಲ ಮೇಲೂ ಒಂದು ಜೀವ ದಿನದಿನಕ್ಕೆ ಒಡೆಯುತ್ತಿದೆ. ಇದು ಧ್ವಂಸ. ನಾನು ಈ ಮಾತನ್ನು ಅಳೆದು ತೂಗಿಯೇ ಬಳಸುತ್ತಿದ್ದೇನೆ. ಇದನ್ನು ಮಾಡಿದವರಿಗೆ ಏನು ಶಿಕ್ಷೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೆರೆದು ನೋಡಿ. ಕಾಯ್ದೆಯನ್ನು ಮೊದಲ ಸಲ ಮುರಿದರೆ 10,000 ರೂಪಾಯಿಯವರೆಗೆ ದಂಡ. ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ. ಶಾಲೆಗೆ ಇಳಿಜಾರು ಕಟ್ಟದವರಿಗೆ, ಶಿಕ್ಷಕರನ್ನು ಕೊಡದವರಿಗೆ ಜೈಲಿನ ಮಾತೇ ಇಲ್ಲ. ಕಲ್ಲಿನ ಮೂಲೆ ಮುರಿದವನಿಗೆ ಸೆರೆಮನೆ, ಕೂಸಿನ ಬಾಳು ಮುರಿದವನಿಗೆ ರಸೀದಿ.

ಧ್ವಂಸ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. "ಹುಟ್ಟಿದ್ದೇ ಹಂಗೆ, ಏನ್ ಮಾಡಾಕಾಗುತ್ತೆ" ಎಂದು ಕೈ ತೊಳೆದುಕೊಳ್ಳುವವರು ಇದನ್ನು ಕೇಳಲೇಬೇಕು.

ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ತೆಗೆದುಕೊಳ್ಳಿ. ಹುಟ್ಟುವ ಹೊತ್ತಿಗೋ ಅದರ ಆಸುಪಾಸಿನಲ್ಲೋ ಮಿದುಳಿಗೆ ಬಿದ್ದ ಪೆಟ್ಟು ಅಲ್ಲಿಗೇ ನಿಲ್ಲುತ್ತದೆ, ವರ್ಷ ಕಳೆದಂತೆ ಬೆಳೆಯುವುದಿಲ್ಲ. ಬೆಳೆಯುವುದು ಮೂಳೆ. ಬಿಗಿದ ಸ್ನಾಯುವನ್ನು ದಿನವೂ ನೀವಿ, ಎಳೆದು, ಸಡಿಲಿಸುತ್ತಿರಬೇಕು. ಇಲ್ಲದಿದ್ದರೆ ಮೂಳೆ ಉದ್ದವಾದಷ್ಟು ಸ್ನಾಯು ಉದ್ದವಾಗುವುದಿಲ್ಲ. ಮೊಣಕಾಲು ಮಡಿಚಿದಂತೆಯೇ ಗಟ್ಟಿಯಾಗುತ್ತದೆ. ಸೊಂಟದ ಕೀಲು ಜಾರುತ್ತದೆ. ಬೆನ್ನು ಒಂದು ಮಗ್ಗುಲಿಗೆ ವಾಲುತ್ತದೆ. ಮೂರನೇ ವರ್ಷದಲ್ಲಿ ಗೋಡೆ ಹಿಡಿದು ನಿಲ್ಲುವ ಭರವಸೆಯಿದ್ದ ಮಗು ಹತ್ತನೇ ವರ್ಷದಲ್ಲಿ ನೆಟ್ಟಗೆ ಕೂರಲೂ ಆರದು. ಹುಟ್ಟು ಕೊಟ್ಟ ಪೆಟ್ಟು ಒಂದು, ನಾವು ಕೊಟ್ಟ ಪೆಟ್ಟು ಇನ್ನೊಂದು. ಎರಡನೆಯದೇ ದೊಡ್ಡದು.

ಕಿವಿ ಕೇಳದ ಮಗುವಿನ ಕಥೆಯೂ ಇದೇ. ಭಾಷೆ ಮನಸ್ಸಿಗೆ ಇಳಿಯುವುದು ಮೊದಲ ಕೆಲವೇ ವರ್ಷಗಳಲ್ಲಿ. ಆ ವಯಸ್ಸಿನಲ್ಲಿ ಶ್ರವಣಯಂತ್ರ ಸಿಗಬೇಕು, ಇಲ್ಲವೇ ಸನ್ನೆಭಾಷೆ ಸಿಗಬೇಕು. ಯಾವುದೂ ಸಿಗದೆ ಆರು ತುಂಬಿದರೆ, ಒಂದನೇ ತರಗತಿಯ ಬೆಂಚಿನ ಮೇಲೆ ಕೂರುವುದು ಯಾವ ಭಾಷೆಯೂ ಇಲ್ಲದ ಮಗು. ಮೇಷ್ಟ್ರು ಅದನ್ನು ದಡ್ಡ ಎನ್ನುತ್ತಾರೆ. ನಮ್ಮದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ. ಅಷ್ಟು ವಿದ್ಯೆ ಈ ನಾಡಿನಲ್ಲೇ ಇದ್ದೂ ಹಳ್ಳಿಯ ಕೂಸಿಗೆ ಹೊತ್ತಿಗೆ ಸಿಗುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಕಟ್ಟಿದವರು ನಾವು. ಗಿಡವಾಗಿದ್ದಾಗ ಈ ಮಕ್ಕಳ ಕಡೆ ಕಣ್ಣೆತ್ತಿಯೂ ನೋಡದವರು ನಾವೇ.

ಸಲಕರಣೆ ಹಂಚುವ ಶಿಬಿರಗಳ ಮಾತಿಗೆ ಬರೋಣ. ಸಾಧನ ಸಲಕರಣೆ ಕೊಡುವ ಕೇಂದ್ರದ ಎಡಿಪ್ ಯೋಜನೆ 1981ರಿಂದ ಇದೆ. ಶಾಮಿಯಾನ ಹಾಕುತ್ತಾರೆ, ಹಾರ ತುರಾಯಿ ಆಗುತ್ತದೆ, ಫೋಟೋ ತೆಗೆಯುತ್ತಾರೆ. ಎಂಟು ವರ್ಷದ ಹುಡುಗಿಯನ್ನು ದೊಡ್ಡವರ ಅಳತೆಯ ಗಾಲಿಕುರ್ಚಿಯಲ್ಲಿ ಕೂರಿಸಿ ಕಳಿಸುತ್ತಾರೆ. ಕಾಲು ಪಾದಪಟ್ಟಿಗೆ ಮುಟ್ಟುವುದಿಲ್ಲ. ಮಗ್ಗುಲಿಗೆ ಆಸರೆಯಿಲ್ಲ. ಅದರಲ್ಲಿ ಕೂತು ಕೂತು ಬೆನ್ನು ಇನ್ನಷ್ಟು ಸೊಟ್ಟಗಾಗುತ್ತದೆ. ಮಗು ಬೆಳೆಯುತ್ತದೆ ಎಂಬ ಸಾದಾ ಸತ್ಯವೂ ಶಿಬಿರಕ್ಕೆ ಗೊತ್ತಿಲ್ಲ. ಕ್ಯಾಲಿಪರ್ ಗಿಡ್ಡವಾಗುತ್ತದೆ. ಕಿವಿಯೊಳಗಿನ ಅಚ್ಚು ಸಡಿಲವಾಗಿ ಯಂತ್ರ ಕೀರಲು ಸದ್ದು ಮಾಡುತ್ತದೆ, ಮಗು ಅದನ್ನು ಕಿತ್ತೆಸೆಯುತ್ತದೆ. ಬ್ಯಾಟರಿ ಮುಗಿದ ದಿನ ಹೊಸದು ತರಲು ಯಾರೂ ಇರುವುದಿಲ್ಲ. ಕೊನೆಗೆ ಗಾಲಿಕುರ್ಚಿ ಹಟ್ಟಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ, ಅದರ ಮೇಲೆ ಅಡಿಕೆ ಚೀಲ ಕೂರುತ್ತದೆ. ಕಡತದಲ್ಲಿ ಆ ಮಗು ಫಲಾನುಭವಿ.

ಶಾಲೆಯ ಇಳಿಜಾರು ನೋಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎಂಬುದು ಲೆಕ್ಕ. ಕೈಹಿಡಿಕೆಯೂ ಬೇಕು. ನಮ್ಮ ಭಾಗದಲ್ಲಿ ನಾನು ಕಂಡ ಒಂದು ಶಾಲೆಯಲ್ಲಿ ಎರಡು ಅಡಿ ಎತ್ತರವನ್ನು ಐದೇ ಅಡಿಯಲ್ಲಿ ಮುಗಿಸಿದ್ದರು. ಕೈಹಿಡಿಕೆ ಇರಲಿಲ್ಲ. ಇಳಿದ ಕಡೆ ಚರಂಡಿ. ಗಾಲಿಕುರ್ಚಿ ಅದರ ಮೇಲೆ ಹತ್ತುವುದಿಲ್ಲ, ಹತ್ತಿದರೆ ಹಿಮ್ಮುಖವಾಗಿ ಉರುಳುತ್ತದೆ. ಆದರೂ ಬಿಲ್ ಆಗಿತ್ತು. ಪಕ್ಕದಲ್ಲಿ ಈ ಮಕ್ಕಳಿಗೆಂದೇ ಕಟ್ಟಿದ ಶೌಚಾಲಯ, ಬೀಗ ಹಾಕಿತ್ತು. ಒಳಗೆ ಪೊರಕೆ, ಮುರಿದ ಡೆಸ್ಕು, ಬಿಸಿಯೂಟದ ಸೌದೆ. ಬೀಗದ ಕೈ ಯಾರ ಹತ್ತಿರ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಮಗು ಇಡೀ ದಿನ ಉಚ್ಚೆ ಕಟ್ಟಿಕೊಂಡು ಕೂರುವುದೆಂದರೇನು ಎಂಬುದು ಆ ಬೀಗ ಹಾಕಿದವರಿಗೆ ಹೊಳೆಯಲಿಲ್ಲ.

"ತಂದೆತಾಯಿಗಳೇ ಕಳಿಸಲ್ಲ" ಎನ್ನುತ್ತಾರೆ ಅಧಿಕಾರಿಗಳು. ಈ ಮಾತಿಗೆ ಉತ್ತರ ಅಡಿಕೆ ಸುಲಿಯುವ ಒಬ್ಬ ತಾಯಿಯ ಬಾಯಲ್ಲಿ ಕೇಳಿದ್ದೇನೆ: "ಇಸ್ಕೂಲಿಗೆ ಕಳಿಸ್ರಿ ಅಂತೀರಲ್ಲ, ಉಚ್ಚೆಗೆ ಯಾರು ಎತ್ಗಂಡು ಹೋಗ್ತಾರೆ? ನಾನು ಅಲ್ಲೇ ಕುಂತ್ರೆ ಕೂಲಿಗೆ ಯಾರು ಹೋಗ್ತಾರೆ?" ಈ ಎರಡು ಪ್ರಶ್ನೆಗೆ ಉತ್ತರ ಕೊಡದ ಯಾರಿಗೂ ಆ ತಾಯಿಯನ್ನು ದೂರುವ ಹಕ್ಕಿಲ್ಲ. ಫಿಸಿಯೋಥೆರಪಿಗೆ ದಾವಣಗೆರೆಗೆ ಹೋಗಿ ಬರುವುದೆಂದರೆ ಅವಳಿಗೆ ಒಂದು ದಿನದ ಕೂಲಿ ಹೋದಂತೆ. ಹತ್ತು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬೇಕು. ಜಗಳೂರಿನ ಕಡೆ ಮಳೆ ಕೈಕೊಟ್ಟ ವರ್ಷ ಮನೆಮಂದಿ ಗುಳೆ ಹೋದರೆ ಮಗು ಅಜ್ಜಿಯ ಪಾಲು, ಮಂಚದ ಪಾಲು. ಮಗುವನ್ನೂ ಹೆಚ್ಚು ನೆರವು ಬೇಕಾದ ಮಗುವಿನ ಜೊತೆಗಾರರನ್ನೂ ಕರೆತರುವ ವಾಹನ ವ್ಯವಸ್ಥೆಯನ್ನು ಸರ್ಕಾರಗಳು ಶಾಲೆಗಳಿಂದ ಮಾಡಿಸಬೇಕು ಎಂದು 2016ರ ಕಾಯ್ದೆಯ 16ನೇ ಸೆಕ್ಷನ್ನಿನಲ್ಲೇ ಬರೆದಿದೆ. ಆ ವಾಹನವನ್ನು ನಿಮ್ಮ ಊರಿನ ರಸ್ತೆಯಲ್ಲಿ ಕಂಡಿದ್ದೀರಾ?

ಇನ್ನು 'ಗೃಹಾಧಾರಿತ ಶಿಕ್ಷಣ'. ತೀವ್ರ ಹಾಗೂ ಬಹು ಅಂಗವೈಕಲ್ಯವಿರುವ ಮಗು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದರು. ಆರಿಸಿಕೊಳ್ಳುವ ಹಕ್ಕು ಮಗುವಿನದು. ನಡೆದದ್ದೇ ಬೇರೆ. ಇಳಿಜಾರಿಲ್ಲದ ಶಾಲೆ ಆರಿಸಿಕೊಂಡಿತು, ಶಿಕ್ಷಕರನ್ನು ಕೊಡದ ಇಲಾಖೆ ಆರಿಸಿಕೊಂಡಿತು. ಒಂದು ಇಳಿಜಾರು, ಒಂದು ಕೈಹಿಡಿಕೆ ಇದ್ದಿದ್ದರೆ ಗೆಳೆಯರ ಜೊತೆ ಕೂರಬಹುದಾಗಿದ್ದ ಮಗುವಿನ ಹೆಸರಿನ ಮುಂದೆ 'ಗೃಹಾಧಾರಿತ' ಎಂದು ಬರೆದು ಕಡತ ಮುಚ್ಚಿದರು. ಹೆಸರು ಶಾಲೆಯಲ್ಲಿ, ಮಗು ಮನೆಯಲ್ಲಿ. 2011ರ ಜನಗಣತಿಯಲ್ಲಿ ಈ ದೇಶದ 5ರಿಂದ 19 ವರ್ಷದ ಅಂಗವಿಕಲರಲ್ಲಿ ನೂರಕ್ಕೆ 27 ಮಂದಿ ಶಾಲೆಯ ಮುಖವನ್ನೇ ಕಂಡಿರಲಿಲ್ಲ. ದಾಖಲಾಗಿಯೂ ಶಾಲೆ ಕಾಣದವರು ಈ 27ರ ಲೆಕ್ಕಕ್ಕೆ ಹೊರಗೇ ಉಳಿಯುತ್ತಾರೆ.

ಮನೆಗೆ ಹೋಗಿ ಕಲಿಸಬೇಕಾದವರು ಬಿ.ಐ.ಇ.ಆರ್.ಟಿ., ಅಂದರೆ ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಹಳ್ಳಿ ಹಳ್ಳಿ ತಿರುಗುವವರನ್ನು ನಾನು ಬಲ್ಲೆ, ಅವರ ಮೇಲೆ ನನ್ನ ಸಿಟ್ಟಿಲ್ಲ. ಒಬ್ಬರ ಹೆಗಲಿಗೆ ಹತ್ತಾರು ಹಳ್ಳಿ ಕಟ್ಟಿ, ಅದರ ಮೇಲೆ ಸಮೀಕ್ಷೆ, ಅಂಕಿಅಂಶ, ಕಚೇರಿ ಕೆಲಸ ಹೇರುವವರ ಮೇಲೆ ನನ್ನ ಸಿಟ್ಟು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 28ರಂದು ಹೇಳಿತು. ರಜನೀಶ್ ಕುಮಾರ್ ಪಾಂಡೆ ಪ್ರಕರಣ ಅದು. ರಾಜ್ಯಗಳು ಅಲುಗಾಡಲಿಲ್ಲ. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಮತ್ತೆ ಹೇಳಬೇಕಾಯಿತು: ಹುದ್ದೆ ಮಂಜೂರು ಮಾಡಿ, ಪ್ರಕಟಿಸಿ, ಕಾಯಂ ನೇಮಕ ಮಾಡಿ. ವಿಶೇಷ ಶಿಕ್ಷಕರನ್ನು ವರ್ಷಾನುಗಟ್ಟಲೆ ಗುತ್ತಿಗೆಯಲ್ಲೇ ದುಡಿಸುವ ಸರ್ಕಾರಗಳಿಗೆ ಮಕ್ಕಳ ಗೋಳು ತಟ್ಟಲಿಲ್ಲ, ಕೋರ್ಟಿನ ಮಾತೂ ತಟ್ಟಲಿಲ್ಲ.

ಹಣವಿಲ್ಲ ಎನ್ನಬೇಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ ಗೊತ್ತುಮಾಡಿದ ಹಣ ಹೆಚ್ಚೆಂದರೆ 3,500 ರೂಪಾಯಿ. ದಿನಕ್ಕೆ ಹತ್ತು ರೂಪಾಯಿಯೂ ಬೀಳುವುದಿಲ್ಲ. ಒಂದು ಕ್ವಿಂಟಲ್ ರಾಶಿ ಅಡಿಕೆಗೆ 50,000 ರೂಪಾಯಿ ಧಾರಣೆ ಕಂಡ ಸೀಮೆ ಇದು. ಆ ಒಂದು ಕ್ವಿಂಟಲ್ 14 ಮಕ್ಕಳ ಒಂದು ವರ್ಷದ ಪಾಲು. ಜಾತ್ರೆಗೆ ಪಟ್ಟಿ ಎತ್ತುತ್ತೇವೆ, ದೇವಸ್ಥಾನದ ಮುಂದೆ ಕಮಾನು ಕಟ್ಟಿಸುತ್ತೇವೆ. ಊರ ಶಾಲೆಯ ಬಾಗಿಲಿಗೆ ಇಳಿಜಾರು ಕಟ್ಟಲು ಹದಿನೈದು ಚೀಲ ಸಿಮೆಂಟು ಹಾಕಿಸುವ ಮಾತು ಬಂದಾಗ ಸರ್ಕಾರದ ಕಡೆ ಬೆರಳು ತೋರಿಸುತ್ತೇವೆ. ಹಣದ ಬರವಲ್ಲ ಇದು, ಮನಸ್ಸಿನ ಬರ.

"ಉಳಿದ ಮಕ್ಕಳಿಗೆ ತೊಂದರೆ" ಎನ್ನುವವರೂ ಇದ್ದಾರೆ. ಪಕ್ಕದಲ್ಲಿ ಕೂತ ಗೆಳೆಯನ ಪೆನ್ಸಿಲ್ ಎತ್ತಿಕೊಡುವುದನ್ನು ಕಲಿತ ಮಗುವಿಗೆ ಯಾವ ತೊಂದರೆ? ಅಂಥವನನ್ನು ಕಾಣದೆ, ಕುಂಟ ಎಂದು ಕೂಗುತ್ತ ಬೆಳೆದ ಮಗುವೇ ಮುಂದೆ ಇಳಿಜಾರಿಲ್ಲದ ಶಾಲೆಗೆ ಸಹಿ ಹಾಕುವ ಇಂಜಿನಿಯರ್ ಆಗುತ್ತದೆ. ಇಂಥ ಮಕ್ಕಳಿಗೆ ಕಲಿಸುವುದು ಹೊರದೇಶದಿಂದ ಬಂದ ವಿಚಾರವೆಂದು ಯಾರೂ ಹೇಳಬಾರದು. ಗದುಗಿನಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಅವರ ಕೈಯಲ್ಲಿ ಬೆಳೆದ ಕುರುಡು ಹುಡುಗನೇ ಪುಟ್ಟರಾಜ ಗವಾಯಿ. ಹಾಡಿದರು, ವಾದ್ಯ ನುಡಿಸಿದರು, ಪುರಾಣ ರಚಿಸಿದರು, 2010ರಲ್ಲಿ ಪದ್ಮಭೂಷಣ ಪಡೆದರು. 1914ರಲ್ಲಿ ಹಾನಗಲ್ ಸೀಮೆಯ ದೇವಗಿರಿಯಲ್ಲಿ ಹುಟ್ಟಿದ ಆ ಕೂಸನ್ನು ಹೊಸ್ತಿಲ ಮೇಲೆ ಬಿಟ್ಟಿದ್ದರೆ ನಾಡು ಏನು ಕಳೆದುಕೊಳ್ಳುತ್ತಿತ್ತು, ಯೋಚಿಸಿ. ಹಾಗೆ ಬಿಟ್ಟು ಕಳೆದುಕೊಂಡ ಎಷ್ಟೋ ಮಂದಿಯ ಹೆಸರು ನಮಗೆ ಎಂದೂ ಗೊತ್ತಾಗುವುದಿಲ್ಲ. ಒಡೆದ ಮಂಟಪಕ್ಕೆ ಅವಶೇಷವಾದರೂ ಉಳಿಯುತ್ತದೆ. ಈ ಧ್ವಂಸಕ್ಕೆ ಅದೂ ಇಲ್ಲ.

ಆದ್ದರಿಂದ ಓದುವ ನಿಮ್ಮಲ್ಲಿ ನನ್ನ ಬೇಡಿಕೆ ಇದು. ಕನಿಕರ ಬೇಡ, ಶಾಲು ಬೇಡ, ಡಿಸೆಂಬರ್ 3ರ ಅಂಗವಿಕಲರ ದಿನದಂದು ಮಾತ್ರ ಕೇಳುವ ಭಾಷಣ ಬೇಡ. ಮುಂದಿನ ಗ್ರಾಮಸಭೆಗೆ ಹೋಗಿ. ಎದ್ದು ನಿಂತು ಕೇಳಿ: ನಮ್ಮ ಪಂಚಾಯಿತಿಯಲ್ಲಿ ಇಂಥ ಮಕ್ಕಳು ಎಷ್ಟು? ಐದು ವರ್ಷಕ್ಕೊಮ್ಮೆ ಮಾಡಬೇಕಾದ ಸಮೀಕ್ಷೆ ಮಾಡಿದಿರಾ? ಗೃಹಾಧಾರಿತ ಎಂದು ಬರೆದ ಮಗುವಿನ ಮನೆಗೆ ಈ ತಿಂಗಳು ಯಾರು, ಎಷ್ಟು ಸಲ ಹೋದರು? ಶೌಚಾಲಯದ ಬೀಗದ ಕೈ ಎಲ್ಲಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಕೂರಬೇಡಿ. ಎಸ್‌ಡಿಎಂಸಿ ಸದಸ್ಯರೇ, ಅಳತೆಪಟ್ಟಿ ಹಿಡಿದು ನಿಮ್ಮ ಶಾಲೆಯ ಇಳಿಜಾರನ್ನು ಅಳೆಯಿರಿ. ಅಡಿಗೆ ಹನ್ನೆರಡು ಅಡಿ ಇಲ್ಲದಿದ್ದರೆ ಒಡೆದು ಕಟ್ಟಿಸಿ.

ಶಾಲೆಯೂ ಸೇರಿದಂತೆ ಇದ್ದ ಎಲ್ಲ ಸಾರ್ವಜನಿಕ ಕಟ್ಟಡಗಳಿಗೂ ಅಂಗವಿಕಲರು ಸಲೀಸಾಗಿ ಬಂದುಹೋಗುವಂತೆ ಮಾಡಲು 2016ರ ಕಾಯ್ದೆ ಕೊಟ್ಟದ್ದು, ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷ. ನಿಯಮಗಳು ಪ್ರಕಟವಾದದ್ದು 2017ರ ಜೂನ್ 15ರಂದು. ಗಡುವು 2022ರ ಜೂನ್‌ನಲ್ಲೇ ಮುಗಿಯಿತು. ಅಂದು ಆರು ವರ್ಷ ತುಂಬಿ ಒಂದನೇ ತರಗತಿಗೆ ಬರಬೇಕಿದ್ದ ಮಗುವಿಗೆ 2025ರ ಜೂನ್‌ಗೆ ಒಂಬತ್ತು ತುಂಬಿತು. ಅದು ಇನ್ನೂ ಹೊಸ್ತಿಲ ಮೇಲೇ ಕೂತಿದೆ.