ಬಿಯರಿನ ಮೂಲ ಮತ್ತು ನಮ್ಮ ಸಜ್ಜೆ



ಬಿಯರು ಎಂದೊಡನೆ ಪೇಟೆಯ ಬಾಟಲಿ ನಿಮ್ಮ ಕಣ್ಣ ಮುಂದೆ ಬರಬಹುದು. ಆದರೆ ಅದು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಕಾಳು ಬೆಳೆದವರ ಮನೆಯಲ್ಲಿ. ಇರಾನಿನ ಗೋದಿನ್ ತೆಪೆಯಲ್ಲಿ ದೊರೆತ, 5,000 ವರ್ಷಗಳಿಗೂ ಹಿಂದಿನ ಮಡಕೆಯೊಂದರ ಒಳಮೈಗೆ ಬಾರ್ಲಿ ಬಿಯರಿನ ಗಷ್ಟು ಅಂಟಿಕೊಂಡಿತ್ತು. ಪ್ರಾಚೀನ ಸುಮೇರಿಯಾದಲ್ಲಿ ಕೆಲಸಗಾರರಿಗೆ ಬಾರ್ಲಿಯ ಜೊತೆಗೆ ಬಿಯರನ್ನೂ ಅಳೆದು ಕೊಡುತ್ತಿದ್ದರು.

ಇದರ ಗುಟ್ಟು ಮೊಳಕೆಯಲ್ಲಿದೆ. ಕಾಳು ಮೊಳೆಯುವಾಗ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಆ ಸಕ್ಕರೆಯನ್ನು ಯೀಸ್ಟು ಹುಳಿಸಿದರೆ ಮದ್ಯ. ಮೊಳಕೆಯನ್ನು ಒಣಗಿಸಿ ಬೀಸಿದರೆ ಮಾಲ್ಟ್, ಅಂದರೆ ಆಹಾರ.

ಗಂಗಾವತಿಯ ಭತ್ತದ ರೈತರು ಇನ್ನೊಂದು ವಿಷಯ ತಿಳಿಯಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಕಿಯಿಂದ ‘ಮೇದಕ’ವೆಂಬ ಮದ್ಯ ಮಾಡುವ ಕ್ರಮವಿದೆ. ಅದಕ್ಕೆ ಹಾಕುವ ಉದ್ದು-ಅಕ್ಕಿಯ ಹೆಪ್ಪಿನ ಹೆಸರೇ ‘ಕಿಣ್ವ’.

ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಬೆದ್ದಲಿನ ಸಜ್ಜೆ, ಜೋಳಗಳ ತವರು ಆಫ್ರಿಕಾ. ಅಲ್ಲಿ ಇವೆರಡನ್ನೂ ಮೊಳಕೆ ಬರಿಸಿ ಮನೆಯಲ್ಲೇ ಬಿಯರು ಮಾಡುವ ಪದ್ಧತಿ ಇಂದಿಗೂ ಇದೆ. 1988ರಲ್ಲಿ ನೈಜೀರಿಯಾ ದೇಶವು ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ಕಾರ್ಖಾನೆಗಳು ಜೋಳ, ಮೆಕ್ಕೆಜೋಳಗಳನ್ನು ಬಳಸತೊಡಗಿದವು. ಕಾಳು ನಮ್ಮಲ್ಲಿಗೂ ಬಂದಿತು. ಆದರೆ ರಾಗಿಗೆ ಸಿಕ್ಕ ಮಾಲ್ಟಿನ ಗೌರವ ಸಜ್ಜೆಗೆ ಸಿಗಲಿಲ್ಲ.

ಹಾಗಾದರೆ ನಾವೂ ಬಿಯರು ಮಾಡಬೇಕೆ? ಖಂಡಿತ ಬೇಡ. ಪರವಾನಿಗೆಯಿಲ್ಲದೆ ಮದ್ಯ ಮಾಡುವುದು ಅಪರಾಧ. ಕುಡಿತದಿಂದ ಕೆಟ್ಟ ಮನೆಗಳನ್ನು ನೀವೇ ಕಂಡಿದ್ದೀರಿ. ಆ ವಿದ್ಯೆಯ ಮೊದಲ ಅರ್ಧ ನಮಗೆ ಸಾಕು.

ಸ್ವಚ್ಛ ಮಾಡಿದ ಸಜ್ಜೆಯನ್ನು ರಾತ್ರಿ ನೆನೆಯಿಟ್ಟು, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿರಿ. ಮೊಳಕೆಯೊಡೆದ ಮೇಲೆ ಚೆನ್ನಾಗಿ ಒಣಗಿಸಿ, ಉಜ್ಜಿ ಮೊಳಕೆ ಉದುರಿಸಿ, ಹದವಾಗಿ ಹುರಿದು ಬೀಸಿರಿ. ಈ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗದು. ಆದ್ದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು. ಆರು ತಿಂಗಳು ತುಂಬಿದ ಕೂಸಿನ ಪುಟ್ಟ ಹೊಟ್ಟೆಗೆ ಹೆಚ್ಚು ಕಾಳಿನ ಸತ್ವ ಸೇರುತ್ತದೆ. ಸಜ್ಜೆ ಹಿಟ್ಟು ಬೇಗ ಕಹಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಬೀಸಿಕೊಳ್ಳಿರಿ.

ಒಂದು ಎಚ್ಚರಿಕೆ: ಎಳೆ ಜೋಳ ಮೇಯ್ದು ದನ ಸಾಯುವುದನ್ನು ನೀವು ಬಲ್ಲಿರಿ. ಅದೇ ವಿಷ ಜೋಳದ ಮೊಳಕೆಯಲ್ಲೂ ಇರುತ್ತದೆ. ಆದುದರಿಂದ ಮನೆಯ ಮಾಲ್ಟಿಗೆ ಸಜ್ಜೆಯನ್ನೇ ಆರಿಸಿರಿ.

ಸಜ್ಜೆಯನ್ನು ಚೀಲದಲ್ಲಿ ಮಾರಿದರೆ ಕಾಳಿನ ಬೆಲೆ ಮಾತ್ರ. ಮಹಿಳಾ ಸಂಘಗಳು ಅದನ್ನೇ ಮಾಲ್ಟ್ ಮಾಡಿ ಮಾರಿದರೆ ದುಡಿಮೆಯ ಬೆಲೆಯೂ ಊರಲ್ಲೇ ಉಳಿಯುತ್ತದೆ. ಈ ಸುಗ್ಗಿಯಲ್ಲಿ ಒಂದು ಸೇರು ಸಜ್ಜೆಯಿಂದ ಆರಂಭಿಸಿ ನೋಡಿರಿ.