ಅವ್ವನ ಮೊಣಕೈ ನೋವು

ಯಾದಗಿರಿ, ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ ಹೆಣ್ಣುಮಕ್ಕಳ ಕೈಗೆ ಬಿಡುವಿರುವುದಿಲ್ಲ. ಹೊಲದಿಂದ ಬಂದ ಮೇಲೆ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಬೇಕು. ಇಂಥವರಲ್ಲಿ ಕೆಲವರಿಗೆ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಗುತ್ತದೆ. ಕೊಡ ಎತ್ತುವಾಗ, ಬಟ್ಟೆ ಹಿಂಡುವಾಗ ಹೆಚ್ಚುತ್ತದೆ. ಇದಕ್ಕೆ ವೈದ್ಯರು ಹೇಳುವ ಹೆಸರು ‘ಟೆನಿಸ್ ಎಲ್ಬೋ’. ಸಚಿನ್ ತೆಂಡೂಲ್ಕರ್ ಅವರನ್ನು 2004ರಲ್ಲಿ ಕಾಡಿದ್ದೂ ಇದೇ. 2005ರಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು; ಆದರೆ ಬಹುತೇಕರಿಗೆ ಅದರ ಅಗತ್ಯ ಬೀಳುವುದಿಲ್ಲ.

ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ರಜ್ಜುವಿನ ಮೂಲಕ ಮೊಣಕೈಯ ಎಲುಬಿಗೆ ಅಂಟಿಕೊಂಡಿವೆ. ಏನನ್ನಾದರೂ ಬಿಗಿಯಾಗಿ ಹಿಡಿದಾಗಲೆಲ್ಲ ಆ ರಜ್ಜು ಜಗ್ಗುತ್ತದೆ. ಹಿಂದೆ ಇದನ್ನು ಬರೀ ಉರಿಯೂತ ಎಂದುಕೊಂಡಿದ್ದರು. ಬಹುಕಾಲದ ನೋವಿನಲ್ಲಿ ರಜ್ಜುವಿನ ಎಳೆಗಳೇ ಸವೆದು ಅಸ್ತವ್ಯಸ್ತವಾಗಿರುತ್ತವೆ ಎಂದು ಈಗ ಗೊತ್ತಾಗಿದೆ. ಅಲ್ಲಿ ರಕ್ತಸಂಚಾರ ಕಡಿಮೆಯಾದ್ದರಿಂದ ವಾಸಿಯಾಗಲು ತಿಂಗಳುಗಳೇ ಬೇಕು. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಗುಣವಾಗುತ್ತದೆ.

ಕೂಲಿ ತಪ್ಪುತ್ತದೆಂದು ‘ಒಂದು ಇಂಜೆಕ್ಷನ್ ಕೊಡಿ’ ಎಂದು ಕೇಳುವವರು ಉಂಟು. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಮರೆಸುತ್ತದೆ. ಆದರೆ ವರ್ಷದ ಕೊನೆಗೆ ನೋಡಿದರೆ, ಇಂಜೆಕ್ಷನ್ ಪಡೆಯದೆ ಕಾದವರೇ ಹೆಚ್ಚು ಸುಧಾರಿಸಿರುತ್ತಾರೆಂದು ಅಧ್ಯಯನಗಳು ತೋರಿಸಿವೆ.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮ ಹೀಗಿದೆ: ಅಂಗೈ ಕೆಳಮುಖವಾಗಿ, ಮುಂಗೈಯನ್ನು ಮೇಜಿನ ಮೇಲಿಟ್ಟು ಹಸ್ತವನ್ನು ಅಂಚಿನಾಚೆ ಚಾಚಿ. ಅರ್ಧ ಲೀಟರ್ ನೀರು ತುಂಬಿದ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ನೆರವಿನಿಂದ ಹಸ್ತ ಮೇಲೆತ್ತಿ, ನೋಯುವ ಕೈಯಿಂದಲೇ ನಿಧಾನವಾಗಿ ಇಳಿಸಿ. ದಿನಕ್ಕೊಮ್ಮೆ ಹತ್ತು ಸಲದಿಂದ ಆರಂಭಿಸಿ. ತುಸು ನೋವಾದರೆ ಅಡ್ಡಿಯಿಲ್ಲ. ಮರುದಿನವೂ ಹೆಚ್ಚಿದ್ದರೆ ಭಾರ ಇಳಿಸಿ. ಕೈಯನ್ನು ಪೂರಾ ಕಟ್ಟಿಹಾಕಿ ಕೂರುವುದು ಬೇಡ. ವಸ್ತು ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ.

ಶಾಲಾಮಕ್ಕಳ ವಿಷಯ ಬೇರೆ. ಟೆನಿಸ್ ಎಲ್ಬೋ ಸಾಮಾನ್ಯವಾಗಿ 35ರಿಂದ 55 ವಯಸ್ಸಿನವರದು. ಚೆಂಡು ಎಸೆಯುವ ಹುಡುಗನಿಗೆ ಮೊಣಕೈಯ ಒಳಬದಿ ನೋಯುತ್ತಿದ್ದರೆ ಎಲುಬಿನ ಬೆಳೆಯುವ ಭಾಗಕ್ಕೇ ಪೆಟ್ಟಾಗಿರಬಹುದು. ಎಸೆಯುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ, ತಿಕ್ಕಿಸಬೇಡಿ, ಎಳೆಸಬೇಡಿ. ಬಿದ್ದ ಮೇಲೆ ಬಂದ ನೋವು, ಬಾವು, ಜ್ವರ, ಬೆರಳು ಜೋಮು, ಕೈ ನೀಡಲಾಗದಿರುವುದು – ಇವು ಯಾವ ವಯಸ್ಸಿನಲ್ಲಾದರೂ ತಾಲ್ಲೂಕು ಆಸ್ಪತ್ರೆಗೆ ಹೋಗಲು ತಡಮಾಡಬಾರದು.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಔಷಧಿಗಿಂತ ಮೊದಲು ಅವ್ವನ ಕೈಗೆ ಬೇಕಾದ್ದು ಭಾರ ಹಂಚಿಕೊಳ್ಳುವವರು. ನೀರಿನ ಕೊಡ ನೀವು ಎತ್ತಿ, ಬಟ್ಟೆ ನೀವು ಹಿಂಡಿ. ರೊಟ್ಟಿ ಬಡಿಯುವುದನ್ನು ಗಂಡುಮಕ್ಕಳೂ ಕಲಿಯಬಹುದು.